ಕಲೆಗೆ ಸರ್ಕಾರದ ಅನುದಾನ: ಅರ್ಜಿಗೂ ಮೊದಲು ಲೆಕ್ಕದ ಹಾಳೆ ಬರೆಯಿರಿ

ನಾಲ್ಕು ಜನ ಕೂತು ನುಡಿಸುವ ತಂತಿವಾದ್ಯದ ಒಂದು ಕೃತಿಗೆ ಇನ್ನೂರು ವರ್ಷದ ಹಿಂದೆ ಎಷ್ಟು ಹೊತ್ತು ಬೇಕಿತ್ತೋ ಇವತ್ತಿಗೂ ಅಷ್ಟೇ ಹೊತ್ತು ಬೇಕು. ನಾಲ್ಕೇ ಜನ ಬೇಕು, ಮೂವರಲ್ಲಿ ಮುಗಿಸಲು ಆಗುವುದಿಲ್ಲ. ಕಾರ್ಖಾನೆಗೆ ಯಂತ್ರ ಬಂದು ಒಬ್ಬ ಕೆಲಸಗಾರ ಹತ್ತು ಜನರ ಉತ್ಪಾದನೆ ಮಾಡುವ ಹಾಗಾಯಿತು, ಅದಕ್ಕೆ ತಕ್ಕಂತೆ ಕೂಲಿಯೂ ಏರಿತು. ವಾದ್ಯ ನುಡಿಸುವವರ ಕೈ ಮಾತ್ರ ಇದ್ದ ವೇಗದಲ್ಲೇ ಇದೆ. ಆದರೆ ಅವರ ಮನೆ ಬಾಡಿಗೆಯೂ ಮಕ್ಕಳ ಶಾಲೆಯ ಶುಲ್ಕವೂ ಎಲ್ಲರ ಹಾಗೆ ಏರುತ್ತಲೇ ಹೋಗುತ್ತವೆ. ಅರ್ಥಶಾಸ್ತ್ರಜ್ಞರಾದ ವಿಲಿಯಂ ಬೌಮೊಲ್ ಮತ್ತು ವಿಲಿಯಂ ಬೋವೆನ್ 1960ರ ದಶಕದಲ್ಲಿ ಇದನ್ನು ಅಂಕಿಅಂಶ ಸಮೇತ ವಿವರಿಸಿದರು. ಪ್ರದರ್ಶನ ಕಲೆಗಳಲ್ಲಿ ಖರ್ಚಿಗೂ ಟಿಕೆಟ್ ಹಣಕ್ಕೂ ನಡುವೆ ಬೀಳುವ ಅಂತರ ವರ್ಷದಿಂದ ವರ್ಷಕ್ಕೆ ಹಿಗ್ಗುತ್ತದೆ ಎಂಬುದು ಅವರ ವಾದ. ಸಾರ್ವಜನಿಕ ಅನುದಾನ ಇರುವುದು ಆ ಅಂತರಕ್ಕಾಗಿ.

ಇದನ್ನು ಮೊದಲೇ ಹೇಳಿದ್ದಕ್ಕೆ ಕಾರಣವಿದೆ. ನಾನು ಅನುದಾನಕ್ಕೆ ಅರ್ಜಿ ಬರೆದಿದ್ದೇನೆ, ಕೆಲವು ವರ್ಷ ಬೇರೆಯವರ ಅರ್ಜಿ ಓದುವ ಸಮಿತಿಯಲ್ಲೂ ಕೂತಿದ್ದೇನೆ. ಒಳ್ಳೆಯ ಕಲಾವಿದರ ಅರ್ಜಿಗಳಲ್ಲಿ ಪದೇಪದೇ ಕಂಡದ್ದು ಸಂಕೋಚ. ಕೇಳುವುದೇ ತಪ್ಪು ಎಂಬಂತೆ ಬರೆದಿರುತ್ತಾರೆ. ಖರ್ಚನ್ನು ಅರ್ಧಕ್ಕಿಳಿಸಿ, ತಮ್ಮ ದುಡಿಮೆಯ ಮುಂದೆ ಸೊನ್ನೆ ಹಾಕಿ, ಕೊನೆಗೆ ‘ದಯಮಾಡಿ ಸಹಾಯ ಮಾಡಬೇಕು’ ಎಂದು ಮುಗಿಸುತ್ತಾರೆ. ಅದು ತೆರಿಗೆದಾರರ ಹಣ, ಕಲೆಗೆಂದೇ ಎತ್ತಿಟ್ಟ ಹಣ. ಅದನ್ನು ಸರಿಯಾದ ಲೆಕ್ಕ ಇಟ್ಟು ಕೇಳಬೇಕು, ಸರಿಯಾದ ಲೆಕ್ಕ ಕೊಟ್ಟು ಮುಗಿಸಬೇಕು. ಈ ಲೇಖನದಲ್ಲಿರುವುದು ಆ ದಾರಿ.

ಮೊದಲು, ಯಾವ ಚೀಲದ ಹಣ ಎಂದು ತಿಳಿದುಕೊಳ್ಳಿ

ಅನುದಾನ ಎಂದರೆ ಒಂದೇ ಬಗೆಯಲ್ಲ. ಒಂದು ನಿರ್ದಿಷ್ಟ ಕೆಲಸಕ್ಕೆ ಕೊಡುವುದು ಯೋಜನಾ ಅನುದಾನ. ಒಂದು ನಾಟಕ, ಒಂದು ಚಿತ್ರಪ್ರದರ್ಶನ, ಒಂದು ಸಂಶೋಧನೆ ಇದರಲ್ಲಿ ಬರುತ್ತವೆ. ಸಂಸ್ಥೆಯ ವರ್ಷಪೂರ್ತಿ ಖರ್ಚಿಗೆ, ಅಂದರೆ ಸಂಬಳ, ಬಾಡಿಗೆ, ವಿದ್ಯುತ್ತಿಗೆ ಕೊಡುವುದು ನಿರ್ವಹಣಾ ಅನುದಾನ. ವ್ಯಕ್ತಿಗೆ ಕೊಡುವ ಫೆಲೋಶಿಪ್ ಮತ್ತು ಶಿಷ್ಯವೇತನ ಬೇರೆ. ಕಟ್ಟಡ, ವಾದ್ಯ, ಬೆಳಕಿನ ಸಲಕರಣೆಗೆ ಕೊಡುವುದು ಇನ್ನೂ ಬೇರೆ. ಯೋಜನಾ ಅನುದಾನಕ್ಕೆ ಹಾಕಿದ ಅರ್ಜಿಯಲ್ಲಿ ಕಚೇರಿ ಬಾಡಿಗೆ ತುಂಬಿಸಿದರೆ ಆ ಸಾಲು ಹೊಡೆದುಹೋಗುತ್ತದೆ. ಕೆಲವು ಕಡೆ ಅರ್ಜಿಯೇ ಹೊಡೆದುಹೋಗುತ್ತದೆ.

ಕೈಗೆ ನೇರವಾಗಿ ಬಾರದ ನೆರವೂ ಇದೆ. ಗ್ರಂಥಾಲಯಗಳಲ್ಲಿ ತಮ್ಮ ಪುಸ್ತಕ ಎರವಲು ಸಿಗುವುದಕ್ಕಾಗಿ ಲೇಖಕರಿಗೆ ಸರ್ಕಾರ ಹಣ ಕೊಡುವ ಪದ್ಧತಿಯನ್ನು ಡೆನ್ಮಾರ್ಕ್ 1946ರಲ್ಲಿ ಎಲ್ಲರಿಗಿಂತ ಮೊದಲು ತಂದಿತು. ಈಗ ಹಲವು ದೇಶಗಳಲ್ಲಿ ಅದು ಇದೆ. ಆದರೆ ಬ್ರಿಟನ್ನಿನಂಥ ಕಡೆ ಲೇಖಕರು ಹೆಸರು ನೋಂದಾಯಿಸಿದರಷ್ಟೇ ಹಣ ಬರುತ್ತದೆ. ಜರ್ಮನಿಯಲ್ಲಿ 1983ರಿಂದ ಸ್ವತಂತ್ರ ಕಲಾವಿದರು ಮತ್ತು ಬರಹಗಾರರು ಸಾಮಾಜಿಕ ವಿಮೆಯ ಕಂತಿನಲ್ಲಿ ಅರ್ಧವನ್ನಷ್ಟೇ ತಾವು ಕಟ್ಟುತ್ತಾರೆ. ಉಳಿದರ್ಧ ಸರ್ಕಾರದಿಂದಲೂ ಅವರ ಕೆಲಸ ಬಳಸಿಕೊಳ್ಳುವ ಉದ್ಯಮಗಳಿಂದಲೂ ಬರುತ್ತದೆ. ಫ್ರಾನ್ಸಿನಲ್ಲಿ 12 ತಿಂಗಳಲ್ಲಿ 507 ಗಂಟೆ ದುಡಿದದ್ದನ್ನು ತೋರಿಸಿದ ರಂಗಕಲಾವಿದರು, ತಂತ್ರಜ್ಞರು ಕೆಲಸವಿಲ್ಲದ ದಿನಗಳಿಗೆ ನಿರುದ್ಯೋಗ ಭತ್ಯೆ ಪಡೆಯಬಹುದು. ಐರ್ಲೆಂಡ್ 2022ರಲ್ಲಿ 2,000 ಕಲಾವಿದರನ್ನು ಆರಿಸಿ ವಾರಕ್ಕೆ 325 ಯೂರೋ ಮೂಲ ಆದಾಯ ಕೊಡುವ ಪ್ರಯೋಗ ಶುರುಮಾಡಿತು. ಅರ್ಹರ ನಡುವೆ ಆಯ್ಕೆ ಆದದ್ದು ಚೀಟಿ ಎತ್ತುವ ರೀತಿಯಲ್ಲಿ. ನಿಮಗೆ ಬೇಕಾದದ್ದು ಒಂದು ಪ್ರದರ್ಶನಕ್ಕೆ ಹಣವೋ, ಎರಡು ವರ್ಷ ನೆಮ್ಮದಿಯಾಗಿ ಕೂತು ಕೆಲಸ ಮಾಡುವ ಆಸರೆಯೋ ಎಂದು ಮೊದಲು ತೀರ್ಮಾನಿಸಿ. ಎರಡಕ್ಕೂ ತಟ್ಟಬೇಕಾದ ಬಾಗಿಲು ಬೇರೆ ಬೇರೆ.

ಹಣ ಯಾರದು, ಆಯ್ಕೆ ಮಾಡುವವರು ಯಾರು

ಬ್ರಿಟನ್ನಿನ ಕಲಾ ಮಂಡಳಿ 1946ರಲ್ಲಿ ಹುಟ್ಟಿತು. ಅದನ್ನು ರೂಪಿಸುವುದರಲ್ಲಿ ಅರ್ಥಶಾಸ್ತ್ರಜ್ಞ ಜಾನ್ ಮೇನಾರ್ಡ್ ಕೇನ್ಸ್ ಅವರ ಪಾತ್ರ ದೊಡ್ಡದು. ಹಣ ಸರ್ಕಾರದ್ದು, ಯಾರಿಗೆ ಕೊಡಬೇಕೆಂಬ ತೀರ್ಮಾನ ಮಂತ್ರಿಗಳಿಂದ ದೂರವಿರುವ ಸ್ವಾಯತ್ತ ಮಂಡಳಿಯದು ಎಂಬುದು ಅಲ್ಲಿನ ಕ್ರಮ. 1957ರ ಕೆನಡಾ ಮಂಡಳಿಯೂ ಇದೇ ಹಾದಿಯದು. ಫ್ರಾನ್ಸ್ ಬೇರೆ ದಾರಿ ಹಿಡಿದು 1959ರಲ್ಲಿ ಸಂಸ್ಕೃತಿ ಸಚಿವಾಲಯವನ್ನೇ ತೆರೆಯಿತು, ಆಂದ್ರೆ ಮಾಲ್ರೋ ಅದರ ಮೊದಲ ಸಚಿವರು. ಭಾರತದಲ್ಲಿ ಎರಡೂ ಕೂಡಿವೆ. 1950ರ ದಶಕದಲ್ಲಿ ಶುರುವಾದ ಅಕಾಡೆಮಿಗಳೂ ಕೊಡುತ್ತವೆ, ಸಚಿವಾಲಯ ಮತ್ತು ಇಲಾಖೆಗಳೂ ಕೊಡುತ್ತವೆ.

ಈ ವ್ಯತ್ಯಾಸದಿಂದ ನಿಮ್ಮ ಬರವಣಿಗೆಯೇ ಬದಲಾಗುತ್ತದೆ. ಮಂಡಳಿ, ಅಕಾಡೆಮಿಗಳಲ್ಲಿ ಅರ್ಜಿ ಓದುವವರು ಬಹುಪಾಲು ಆಯಾ ಕ್ಷೇತ್ರದ ಕಲಾವಿದರೇ. ಕಲೆಯ ಒಳಗಿನ ಮಾತು ಅವರಿಗೆ ಅರ್ಥವಾಗುತ್ತದೆ, ನೀವು ಹೊಸದಾಗಿ ಏನು ಮಾಡಲು ಹೊರಟಿದ್ದೀರಿ ಎಂದು ಹುಡುಕುತ್ತಾರೆ. ಇಲಾಖೆಯಲ್ಲಿ ಮೊದಲು ಓದುವವರು ಕಡತ ನೋಡುವ ಸಿಬ್ಬಂದಿ. ಅವರು ನೋಡುವುದು ಎಷ್ಟು ಪ್ರದರ್ಶನ, ಎಷ್ಟು ಜನಕ್ಕೆ ತಲುಪುತ್ತದೆ, ದಾಖಲೆ ಪೂರ್ತಿ ಇದೆಯೇ ಎಂಬುದನ್ನು. ಎರಡೂ ನ್ಯಾಯವಾದ ಪ್ರಶ್ನೆಗಳೇ.

ಅರ್ಹತೆ: ಇಲ್ಲಿ ಅವಸರ ಬೇಡ

ಮಾರ್ಗಸೂಚಿಯನ್ನು ಎರಡು ಸಲ ಓದಿ. ಮೊದಲ ಸಲ ಸುಮ್ಮನೆ. ಎರಡನೆಯ ಸಲ ಪೆನ್ಸಿಲ್ ಹಿಡಿದು, ‘ಕಡ್ಡಾಯ’ ಎಂದಿರುವ ಕಡೆಯೆಲ್ಲ ಗೆರೆ ಎಳೆಯುತ್ತಾ. ಸಂಸ್ಥೆ ನೋಂದಣಿಯಾಗಿ ಇಷ್ಟು ವರ್ಷ ಆಗಿರಬೇಕು, ಕಳೆದ ಮೂರು ವರ್ಷದ ಲೆಕ್ಕಪರಿಶೋಧನಾ ವರದಿ ಇರಬೇಕು, ಸಂಸ್ಥೆಯ ಹೆಸರಿನಲ್ಲೇ ಬ್ಯಾಂಕ್ ಖಾತೆ ಇರಬೇಕು ಎಂಬಂಥ ಷರತ್ತುಗಳು ಹಲವು ಕಡೆ ಇವೆ. ವ್ಯಕ್ತಿಗಳು ಅರ್ಜಿ ಹಾಕಬಹುದೇ ಎಂಬುದು ದೇಶದಿಂದ ದೇಶಕ್ಕೆ ಬೇರೆ. ಇಂಗ್ಲೆಂಡಿನ ಕಲಾ ಮಂಡಳಿಯ ಯೋಜನಾ ಅನುದಾನಕ್ಕೆ ಒಬ್ಬಂಟಿ ಕಲಾವಿದರೂ ಅರ್ಜಿ ಹಾಕಬಹುದು. ಅಮೆರಿಕದಲ್ಲಿ 1965ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಕಲಾ ನಿಧಿಯಿಂದ ವ್ಯಕ್ತಿಗಳಿಗೆ ಸಿಗುತ್ತಿದ್ದ ನೇರ ನೆರವು 1990ರ ದಶಕದ ಮಧ್ಯದಲ್ಲಿ ಬಹುಪಾಲು ನಿಂತಿತು, ಸಂಸ್ಥೆಗಳ ಮೂಲಕವೇ ಕೇಳಬೇಕಾಯಿತು.

ಸಂಸ್ಥೆ ಇಲ್ಲದ ಕಲಾವಿದರು ನೋಂದಾಯಿತ ಸಂಸ್ಥೆಯೊಂದರ ಆಶ್ರಯದಲ್ಲಿ ಅರ್ಜಿ ಹಾಕುವುದುಂಟು. ಮಾರ್ಗಸೂಚಿ ಅದಕ್ಕೆ ಒಪ್ಪುವುದಾದರೆ ಅರ್ಜಿಗೂ ಮೊದಲೇ ಒಂದು ಪುಟದ ಒಪ್ಪಂದ ಬರೆದು ಇಬ್ಬರೂ ಸಹಿ ಹಾಕಿ. ಹಣ ಯಾರ ಖಾತೆಗೆ ಬರುತ್ತದೆ, ಎಷ್ಟು ದಿನದಲ್ಲಿ ನಿಮಗೆ ತಲುಪಬೇಕು, ಲೆಕ್ಕ ಬರೆಯುವವರು ಯಾರು, ತಯಾರಾದ ಕೃತಿಯ ಹಕ್ಕು ಯಾರದು ಎಂಬ ನಾಲ್ಕೂ ಅದರಲ್ಲಿರಲಿ. ಸ್ನೇಹದಲ್ಲಿ ಬಾಯಿಮಾತಿಗೆ ಬಿಟ್ಟು ಕೊನೆಗೆ ಸ್ನೇಹವನ್ನೇ ಕಳೆದುಕೊಂಡವರನ್ನು ನೋಡಿದ್ದೇನೆ.

ಇನ್ನೊಂದು ಷರತ್ತನ್ನು ಬಹಳ ಜನ ಗಮನಿಸುವುದಿಲ್ಲ. ಮಂಜೂರಾತಿ ಪತ್ರ ಬರುವ ಮೊದಲೇ ಮಾಡಿದ ಖರ್ಚನ್ನು ಸಾಮಾನ್ಯವಾಗಿ ಒಪ್ಪುವುದಿಲ್ಲ. ಅರ್ಜಿಯ ಫಲಿತಾಂಶಕ್ಕೆ ತಿಂಗಳುಗಳೇ ಹಿಡಿಯುತ್ತವೆ, ಆದ್ದರಿಂದ ಪ್ರದರ್ಶನದ ದಿನಾಂಕವನ್ನು ಅದರಾಚೆಗೆ ಇಟ್ಟುಕೊಳ್ಳಿ.

ಲೆಕ್ಕದ ಹಾಳೆ

ಹೆಚ್ಚಿನವರು ಯೋಜನೆಯ ವಿವರಣೆ ಬರೆದು ಮುಗಿಸಿ, ಕೊನೆಯ ದಿನ ರಾತ್ರಿ ಅಂದಾಜು ಪಟ್ಟಿ ತುಂಬುತ್ತಾರೆ. ಇದನ್ನು ತಿರುವಿ ಹಾಕಿ. ಲೆಕ್ಕ ಮೊದಲು, ಮಾತು ಆಮೇಲೆ. ಲೆಕ್ಕ ಬರೆಯುತ್ತಾ ಹೋದಂತೆ ನಿಮ್ಮ ಯೋಜನೆಯೇ ನಿಮಗೆ ಸ್ಪಷ್ಟವಾಗುತ್ತದೆ.

ಒಂಬತ್ತು ಜನರ ಒಂದು ನಾಟಕ ತಂಡ ಎಂದುಕೊಳ್ಳೋಣ. ಮೂವತ್ತು ದಿನ ತಾಲೀಮು, ಆರು ಪ್ರದರ್ಶನ. ಇಂಥ ತಂಡದ ಮೊದಲ ಪಟ್ಟಿ ಹೇಗಿರುತ್ತದೆಂದು ನನಗೆ ಗೊತ್ತು, ನಾನೇ ಅಂಥವನ್ನು ಬರೆದಿದ್ದೇನೆ. ರಂಗಸಜ್ಜಿಕೆ, ಬೆಳಕು, ವಸ್ತ್ರ, ಪ್ರಸಾಧನ, ರಂಗಮಂದಿರದ ಬಾಡಿಗೆ, ಭಿತ್ತಿಪತ್ರ. ಕೊನೆಯಲ್ಲಿ ‘ಕಲಾವಿದರ ಗೌರವಧನ’ ಎಂದು ಒಂದು ಸಣ್ಣ ಇಡಿಗಂಟು.

ಈಗ ಗಂಟೆ ಎಣಿಸಿ. ದಿನಕ್ಕೆ ಮೂರು ಗಂಟೆಯಂತೆ ಮೂವತ್ತು ದಿನ, ಒಂಬತ್ತು ಜನ. ತಾಲೀಮಿಗೇ 810 ಗಂಟೆ ಆಯಿತು. ಪ್ರದರ್ಶನದ ದಿನ ಪ್ರಸಾಧನದಿಂದ ಹಿಡಿದು ಸಾಮಾನು ಕಟ್ಟುವವರೆಗೆ ಐದು ಗಂಟೆ ಎಂದರೆ ಆರು ದಿನಕ್ಕೆ ಒಂಬತ್ತು ಜನರದು 270 ಗಂಟೆ. ಒಟ್ಟು 1,080 ಗಂಟೆಗಳ ಮನುಷ್ಯ ದುಡಿಮೆ. ನಿರ್ದೇಶಕರು ಮನೆಯಲ್ಲಿ ಕೂತು ಪಠ್ಯ ತಿದ್ದಿದ್ದು, ಮೂರು ಊರಿನ ರಂಗಮಂದಿರಗಳಿಗೆ ಯಾರೋ ಫೋನ್ ಮಾಡುತ್ತಲೇ ಇದ್ದದ್ದು ಇನ್ನೂ ಇದರಲ್ಲಿ ಸೇರಿಲ್ಲ. ನಿಮ್ಮ ಇಡಿಗಂಟನ್ನು 1,080ರಿಂದ ಭಾಗಿಸಿ ನೋಡಿ. ಗಂಟೆಗೆ ಬಿದ್ದ ಮೊತ್ತವನ್ನು ನಿಮ್ಮಲ್ಲಿನ ಕನಿಷ್ಠ ಕೂಲಿಯ ಪಕ್ಕದಲ್ಲಿಟ್ಟು ನೋಡಿದರೆ ಪಟ್ಟಿಯನ್ನು ಮತ್ತೆ ಬರೆಯಬೇಕೆಂದು ಯಾರೂ ಹೇಳಬೇಕಾಗಿಲ್ಲ.

ಮತ್ತೆ ಬರೆದಾಗ, ಒಟ್ಟು ಖರ್ಚನ್ನು ನೂರು ಭಾಗ ಮಾಡಿದರೆ, ಹೆಚ್ಚುಕಡಿಮೆ ಹೀಗೆ ಬರಬಹುದು. ಕಲಾವಿದರು ಮತ್ತು ತಂತ್ರಜ್ಞರ ಸಂಭಾವನೆ 52. ತಾಲೀಮಿನ ಜಾಗ ಮತ್ತು ರಂಗಮಂದಿರ 16. ರಂಗಸಜ್ಜಿಕೆ, ವಸ್ತ್ರ, ಪ್ರಸಾಧನ 12. ಬೆಳಕು, ಧ್ವನಿ 7. ಪ್ರಯಾಣ, ಸಾಗಣೆ 5. ಪ್ರಚಾರ 4. ಅನಿರೀಕ್ಷಿತ ಖರ್ಚು 3. ಲೆಕ್ಕಪರಿಶೋಧನೆ 1. ನಿಮ್ಮ ಕಲೆ ಬೇರೆಯಾದರೆ ಅಂಕಿಯೂ ಬೇರೆ. ಶಿಲ್ಪ ಕೆತ್ತುವವರಿಗೆ ಕಲ್ಲು, ಸಾಗಣೆಯೇ ದೊಡ್ಡ ಪಾಲು. ಸಂಭಾವನೆಯ ಸಾಲು ಮಾತ್ರ ನಾಚಿಕೆಯಿಂದ ಕೆಳಗೆ ಅವಿತುಕೊಳ್ಳುವುದು ಬೇಡ, ಪಟ್ಟಿಯ ನೆತ್ತಿಯಲ್ಲೇ ಇರಲಿ. ಸಮಿತಿಯಲ್ಲಿ ಕೂತಾಗ, ತನ್ನ ಜನರಿಗೆ ಕೂಲಿ ಲೆಕ್ಕ ಹಾಕಿದ ತಂಡದ ಮೇಲೆ ನನಗೆ ನಂಬಿಕೆ ಹೆಚ್ಚುತ್ತಿತ್ತು. ತಾಲೀಮಿನ ನಡುವೆ ಇಬ್ಬರು ನಟರು ಬೇರೆ ದುಡಿಮೆಗೆ ಹೋಗಿ ನಾಟಕವೇ ನಿಲ್ಲುವ ಭಯ ಅಂಥ ಕಡೆ ಕಡಿಮೆ.

‘ಇತರೆ’ ಎಂಬ ಸಾಲು ಬರೆಯಬೇಡಿ. ಓದುವವರ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ. ಅನಿರೀಕ್ಷಿತ ಎಂದು ಹೆಸರಿಟ್ಟು ಸಣ್ಣ ಮೊತ್ತ ಇಡಿ, ಮಾರ್ಗಸೂಚಿ ಒಪ್ಪಿದರೆ ಮಾತ್ರ. ದೊಡ್ಡ ಮೊತ್ತದ ಪ್ರತಿ ಸಾಲಿಗೂ ಕೊಟೇಶನ್ ತರಿಸಿ ಲಗತ್ತಿಸಿ. ಎಷ್ಟು ಬೆಲೆಯ ಮೇಲೆ ಎಷ್ಟು ಕೊಟೇಶನ್ ಬೇಕೆಂಬುದು ನಿಯಮದಲ್ಲೇ ಇರುತ್ತದೆ.

ಖರ್ಚಿನ ಎದುರಿಗೆ ಆದಾಯದ ಪಟ್ಟಿ ಬರಬೇಕು, ಎರಡೂ ಸರಿಸಮ ಕೂಡಬೇಕು. ಅನುದಾನ 65, ಟಿಕೆಟ್ 18, ದಾನಿಗಳಿಂದ 7, ತಂಡದ ಶ್ರಮದ ಕೊಡುಗೆ 10 ಎಂದಿರಲಿ. ಟಿಕೆಟ್ ಅಂದಾಜಿನಲ್ಲಿ ರಂಗಮಂದಿರ ತುಂಬಿ ತುಳುಕುತ್ತದೆ ಎಂದು ಹಾಕಬೇಡಿ. 200 ಆಸನ, ಆರು ಪ್ರದರ್ಶನ ಎಂದರೆ 1,200 ಟಿಕೆಟ್. ಅರ್ಧ ಎಂದು ಹಿಡಿದು 600ಕ್ಕೆ ಲೆಕ್ಕ ಹಾಕಿ, ಹಿಂದಿನ ನಾಟಕಕ್ಕೆ ಎಷ್ಟು ಜನ ಬಂದಿದ್ದರೆಂಬ ಅಂಕಿಯನ್ನು ಪಕ್ಕದಲ್ಲೇ ಬರೆಯಿರಿ. ಶ್ರಮದ ಕೊಡುಗೆ ಎಂದು ತೋರಿಸಿದ್ದನ್ನು ಸಂಭಾವನೆಯಾಗಿ ಪಡೆಯುವ ಹಾಗಿಲ್ಲ. ಯಾರು ಎಷ್ಟು ಗಂಟೆ ಬಿಟ್ಟಿಯಾಗಿ ದುಡಿದರು ಎಂಬ ಹಾಜರಿ ಪುಸ್ತಕ ಇಡಬೇಕಾಗುತ್ತದೆ.

ಅನುದಾನ ಪೂರ್ತಿ ಖರ್ಚನ್ನು ಹೊರುವುದು ಅಪರೂಪ. ಅಮೆರಿಕದ ರಾಷ್ಟ್ರೀಯ ಕಲಾ ನಿಧಿ ತಾನು ಕೊಟ್ಟಷ್ಟೇ ಮೊತ್ತವನ್ನು ಕೇಂದ್ರ ಸರ್ಕಾರದ್ದಲ್ಲದ ಮೂಲದಿಂದ ಹೊಂದಿಸಿ ಎಂದು ಸಂಸ್ಥೆಗಳಿಗೆ ಹೇಳುತ್ತದೆ. ಇಂಗ್ಲೆಂಡಿನ ಕಲಾ ಮಂಡಳಿ ಯೋಜನಾ ಅನುದಾನಕ್ಕೆ ಸಾಮಾನ್ಯವಾಗಿ ಕೇಳುವುದು ಶೇ. 10. ಯುರೋಪಿಯನ್ ಒಕ್ಕೂಟದ 2021–2027ರ ಸಂಸ್ಕೃತಿ ಕಾರ್ಯಕ್ರಮದಲ್ಲಿ ಕನಿಷ್ಠ ಮೂರು ದೇಶಗಳ ಮೂರು ಸಂಸ್ಥೆ ಸೇರಿ ಮಾಡುವ ಸಣ್ಣ ಯೋಜನೆಗೆ ಶೇ. 80ರವರೆಗೆ ಸಿಗುತ್ತದೆ, ಹತ್ತು ಸಂಸ್ಥೆಗಳ ದೊಡ್ಡ ಯೋಜನೆಗೆ ಶೇ. 60ರವರೆಗೆ. ಸಣ್ಣವರಿಗೆ ಪಾಲು ಹೆಚ್ಚು ಎಂಬ ಈ ಕ್ರಮ ನನಗೆ ನ್ಯಾಯವೆನಿಸುತ್ತದೆ. ನಿಮ್ಮ ಪಾಲು ಎಲ್ಲಿಂದ ಬರುತ್ತದೆ ಎಂಬುದಕ್ಕೆ ಪತ್ರ ಬೇಕು. ‘ದಾನಿಗಳು ಕೊಡುವ ನಿರೀಕ್ಷೆಯಿದೆ’ ಎಂದರೆ ಅದನ್ನು ಸೊನ್ನೆ ಎಂದೇ ಎಣಿಸುತ್ತಾರೆ.

ಇನ್ನೊಂದು ಹಾಳೆ ಬರೆದು ನಿಮ್ಮ ಬಳಿಯೇ ಇಟ್ಟುಕೊಳ್ಳಿ. ಕೇಳಿದ್ದರಲ್ಲಿ ಮೂರನೇ ಎರಡು ಭಾಗವಷ್ಟೇ ಮಂಜೂರಾದರೆ ಏನು ಕೈಬಿಡುತ್ತೀರಿ? ಆರು ಪ್ರದರ್ಶನವನ್ನು ನಾಲ್ಕಕ್ಕೆ ಇಳಿಸಿ, ರಂಗಸಜ್ಜಿಕೆ ಹಗುರ ಮಾಡಿ, ಪರಿಷ್ಕೃತ ಪಟ್ಟಿಯನ್ನು ಕೊಟ್ಟವರಿಗೆ ಕಳಿಸಿ ಲಿಖಿತ ಒಪ್ಪಿಗೆ ಪಡೆಯಿರಿ. ಕಡಿಮೆ ಹಣದಲ್ಲಿ ಅಷ್ಟೇ ಕೆಲಸ ಮಾಡುತ್ತೇವೆ ಎಂದು ಒಪ್ಪಿಕೊಂಡಾಗ ಕೊರತೆ ಬೀಳುವುದು ಕಲಾವಿದರ ತಲೆಯ ಮೇಲೆಯೇ.

ಯೋಜನೆಯ ವಿವರಣೆ

ಲೆಕ್ಕ ಕೂಡಿದ ಮೇಲೆ ಬರೆಯುವುದು ಸಲೀಸು. ಮೊದಲ ಪ್ಯಾರಾದಲ್ಲೇ ಯಾರು, ಏನು, ಎಲ್ಲಿ, ಯಾವಾಗ, ಯಾರಿಗಾಗಿ ಎಂಬುದೆಲ್ಲ ಬಂದುಬಿಡಲಿ. ‘ನಮ್ಮ ಶ್ರೀಮಂತ ಸಂಸ್ಕೃತಿಯನ್ನು ಉಳಿಸಿ ಬೆಳೆಸುವ ಮಹತ್ತರ ಉದ್ದೇಶದಿಂದ’ ಎಂದು ಶುರುವಾಗುವ ಅರ್ಜಿಗಳು ಒಂದು ರಾಶಿಯಲ್ಲಿ ಅರ್ಧದಷ್ಟಿರುತ್ತವೆ. ಓದುವವರಿಗೆ ಅದರಿಂದ ಏನೂ ತಿಳಿಯುವುದಿಲ್ಲ. ‘ಕಿವಿ ಕೇಳದ ಮಕ್ಕಳ ಎರಡು ಶಾಲೆಗಳಲ್ಲಿ, ಆ ಮಕ್ಕಳೇ ನಟಿಸುವ ನಲವತ್ತು ನಿಮಿಷದ ಮೂಕನಾಟಕವನ್ನು ಮೂವತ್ತು ದಿನದಲ್ಲಿ ಕಟ್ಟುತ್ತೇವೆ’ ಎಂದು ಬರೆದರೆ ಅವರು ಕುರ್ಚಿಯಲ್ಲಿ ನೆಟ್ಟಗೆ ಕೂರುತ್ತಾರೆ.

ಹಿಂದಿನ ಕೆಲಸದ ಮಾದರಿಗೆ ಎರಡು–ಮೂರು ನಿಮಿಷದ ವಿಡಿಯೋ ಸಾಕು. ಉದ್ಘಾಟನಾ ಭಾಷಣ, ಹಾರ ತುರಾಯಿ ಕತ್ತರಿಸಿ ಹಾಕಿ. ಕಲೆ ಮೊದಲ ಹತ್ತು ಸೆಕೆಂಡಿನಲ್ಲೇ ಕಾಣಬೇಕು. ಶಿಫಾರಸು ಪತ್ರ ಕೇಳಿದ್ದರೆ ದೊಡ್ಡ ಹೆಸರಿನ ಎರಡು ಸಾಲಿಗಿಂತ ನಿಮ್ಮ ಕೆಲಸ ಕಣ್ಣಾರೆ ಕಂಡವರ ಒಂದು ಪುಟ ಮೇಲು.

ಕೊನೆಯ ದಿನಾಂಕಕ್ಕೆ ಮೂರು ದಿನ ಮೊದಲೇ ಸಲ್ಲಿಸಿ. ಆನ್‌ಲೈನ್ ಅರ್ಜಿಗಳು ಕೊನೆಯ ಸಂಜೆ ಕೈಕೊಡುತ್ತವೆ. ಸಲ್ಲಿಸಿದ ಪ್ರತಿ, ಅರ್ಜಿ ಸಂಖ್ಯೆ, ಸ್ವೀಕೃತಿ ಮೂರನ್ನೂ ಉಳಿಸಿಕೊಳ್ಳಿ.

ಹಣ ಬಂದ ಮೇಲೆ

ಮಂಜೂರಾತಿ ಪತ್ರವನ್ನು ಸಂಭ್ರಮದಲ್ಲಿ ಓದಬೇಡಿ, ಮರುದಿನ ಓದಿ. ಕಂತುಗಳು ಎಷ್ಟು, ಎರಡನೆಯ ಕಂತಿಗೆ ಏನು ಒದಗಿಸಬೇಕು, ಭಿತ್ತಿಪತ್ರದಲ್ಲಿ ಯಾರ ಲಾಂಛನ ಹಾಕಬೇಕು, ಕೆಲಸ ಯಾವ ದಿನಾಂಕದೊಳಗೆ ಮುಗಿಯಬೇಕು ಎಂಬುದೆಲ್ಲ ಅಲ್ಲಿದೆ. ಕೊನೆಯ ಕಂತು ವರದಿ ಒಪ್ಪಿಸಿದ ಮೇಲೆ ಬರುವುದೇ ರೂಢಿ. ಅಂದರೆ ಖರ್ಚಿನ ಒಂದು ಪಾಲನ್ನು ನೀವು ಮೊದಲು ಕೈಯಿಂದ ಹಾಕಿ ಆಮೇಲೆ ಪಡೆಯಬೇಕು. ಅದಕ್ಕೆ ಸಾಲ ಮಾಡುವುದಾದರೆ ಬಡ್ಡಿಯನ್ನು ಸಾಮಾನ್ಯವಾಗಿ ಅನುದಾನದಿಂದ ಕಟ್ಟಲು ಬರುವುದಿಲ್ಲ. ಹೊರಲು ಆಗದಿದ್ದರೆ ಆ ಸಣ್ಣ ಪಾಲನ್ನು ದಾನಿಗಳಿಂದ ಮುಂಗಡವಾಗಿ ಕೇಳಿಟ್ಟುಕೊಳ್ಳಿ.

ಈ ಹಣಕ್ಕೆಂದೇ ಪ್ರತ್ಯೇಕ ಖಾತೆ ಇದ್ದರೆ ಒಳ್ಳೆಯದು, ಕನಿಷ್ಠ ಪ್ರತ್ಯೇಕ ಲೆಕ್ಕದ ಪುಸ್ತಕವಾದರೂ ಇರಲಿ. ಸಂಭಾವನೆಯನ್ನು ಬ್ಯಾಂಕ್ ಮೂಲಕವೇ ಕೊಡಿ. ನಗದು ಕೊಡಲೇಬೇಕಾದರೆ ವೋಚರ್ ಮೇಲೆ ಹೆಸರು, ಕೆಲಸ, ದಿನಾಂಕ, ಮೊತ್ತ, ಸಹಿ ಐದೂ ಇರಬೇಕು.

ಬಿಲ್ಲುಗಳ ವಿಚಾರ ಸ್ವಲ್ಪ ಬಿಡಿಸಿ ಹೇಳಬೇಕು. ಒಮ್ಮೆ ನಮ್ಮ ತಂಡದ ಪ್ರಯಾಣ ಮತ್ತು ಬಟ್ಟೆಯ ಬಿಲ್ಲುಗಳನ್ನೆಲ್ಲ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಕಪಾಟಿನ ಮೇಲಿಟ್ಟಿದ್ದೆ. ಏಳೆಂಟು ತಿಂಗಳ ನಂತರ ಲೆಕ್ಕಪರಿಶೋಧಕರ ಮುಂದೆ ತೆಗೆದರೆ ಮೂರನೇ ಒಂದರಷ್ಟು ಬಿಳಿ ಕಾಗದ. ಸಣ್ಣ ಯಂತ್ರದಿಂದ ಸುರುಳಿಯಾಗಿ ಬರುವ ಆ ನುಣುಪು ಬಿಲ್ಲಿನಲ್ಲಿ ಶಾಯಿ ಇರುವುದಿಲ್ಲ. ಅದು ಶಾಖಕ್ಕೆ ಕಪ್ಪಾಗುವ ಕಾಗದ, ಬಿಸಿಲು, ಸೆಕೆ, ಪ್ಲಾಸ್ಟಿಕ್ಕಿನ ಸಂಪರ್ಕಕ್ಕೆ ಅಕ್ಷರ ಮಾಸಿಹೋಗುತ್ತದೆ. ಆ ಖರ್ಚುಗಳನ್ನು ನಾವು ಕೈಯಿಂದ ತುಂಬಿದೆವು. ಅಂದಿನಿಂದ ಬಿಲ್ ಕೈಗೆ ಬಂದ ಸಂಜೆಯೇ ಫೋಟೋ ತೆಗೆದು, ಒಂದು ಜೆರಾಕ್ಸ್ ಮಾಡಿ, ದೊಡ್ಡ ಹಾಳೆಗೆ ಎರಡನ್ನೂ ಅಂಟಿಸಿ, ಪಟ್ಟಿಯ ಯಾವ ಸಾಲಿನ ಖರ್ಚೆಂದು ಪಕ್ಕದಲ್ಲಿ ಬರೆಯುವ ರೂಢಿ ಮಾಡಿಕೊಂಡಿದ್ದೇನೆ. ಅಂಟು ಅಕ್ಷರದ ಮೇಲೆ ತಾಗಬಾರದು, ಅದರಿಂದಲೂ ಮಾಸುತ್ತದೆ.

ಒಂದು ಸಾಲಿನ ಹಣ ಉಳಿದು ಇನ್ನೊಂದರಲ್ಲಿ ಕಡಿಮೆಯಾದರೆ ನೀವೇ ಬದಲಾಯಿಸಿಕೊಳ್ಳಬೇಡಿ. ಎಷ್ಟರವರೆಗೆ ಅನುಮತಿ ಇಲ್ಲದೆ ಬದಲಾಯಿಸಬಹುದೆಂದು ಪತ್ರದಲ್ಲಿದ್ದರೆ ಸರಿ, ಅದನ್ನು ಮೀರಿದರೆ ಮೊದಲು ಬರೆದು ಕೇಳಿ. ಮುಖ್ಯ ನಟಿಗೆ ಕಾಯಿಲೆಯಾಯಿತು, ದಿನಾಂಕ ಮುಂದೆ ಹೋಯಿತು ಎಂಬುದನ್ನೂ ಹಾಗೆಯೇ ಆಗಿಂದಾಗ್ಗೆ ತಿಳಿಸಿ. ಮೊದಲೇ ತಿಳಿಸಿದವರಿಗೆ ಕಾಲಾವಕಾಶ ಸಿಗುವುದನ್ನು ಬಹಳ ಸಲ ನೋಡಿದ್ದೇನೆ, ಮುಚ್ಚಿಟ್ಟವರಿಂದ ಹಣ ವಾಪಸ್ ಕೇಳಿದ್ದನ್ನೂ ನೋಡಿದ್ದೇನೆ.

ಕೊನೆಯ ವರದಿಗೆ ಬೇಕಾದದ್ದು ಖರ್ಚಿನ ಪಟ್ಟಿ, ಹಣ ಬಳಕೆ ಪ್ರಮಾಣಪತ್ರ, ಫೋಟೋ, ಪತ್ರಿಕಾ ವರದಿ, ಬಂದ ಜನರ ಸಂಖ್ಯೆ. ಜನರ ಸಂಖ್ಯೆಯನ್ನು ಉಬ್ಬಿಸಬೇಡಿ. ಮುಂದಿನ ಅರ್ಜಿಯಲ್ಲಿ ಟಿಕೆಟ್ ಅಂದಾಜಿಗೆ ನಿಮಗೆ ಆಧಾರವಾಗುವುದು ಈ ಅಂಕಿಯೇ.

ಅರ್ಜಿ ತಿರಸ್ಕಾರವಾದರೆ

ಕಾರಣ ಕೇಳಿ ಪತ್ರ ಬರೆಯಿರಿ. ಹಲವು ಸಂಸ್ಥೆಗಳು ಅಂಕ ಅಥವಾ ಟಿಪ್ಪಣಿ ಕೊಡುತ್ತವೆ. ಸರ್ಕಾರಿ ಕಚೇರಿಯಾದರೆ ಮಾಹಿತಿ ಹಕ್ಕಿನಡಿ ಕೇಳುವ ಅವಕಾಶ ಎಷ್ಟೋ ದೇಶಗಳಲ್ಲಿದೆ. ದಾಖಲೆ ಕೊರತೆಯಿಂದ ಬಿದ್ದದ್ದಾದರೆ ಮುಂದಿನ ಸಲ ಸರಿಹೋಗುತ್ತದೆ. ಹಣ ಸಾಲದೆ ಬಿದ್ದದ್ದಾದರೆ ಯೋಜನೆ ಕೆಟ್ಟದ್ದಲ್ಲ, ಅದೇ ಅರ್ಜಿಯನ್ನು ಹೊಸ ದಿನಾಂಕ, ಹೊಸ ಕೊಟೇಶನ್ ಹಾಕಿ ಮತ್ತೆ ಕೊಡಿ. ನಾನು ಓದಿದ ಅತಿ ಒಳ್ಳೆಯ ಅರ್ಜಿಗಳಲ್ಲೊಂದು ಮೂರನೆಯ ಸಲ ಬಂದದ್ದು. ಹಿಂದಿನ ಎರಡು ಸಲದ ಟಿಪ್ಪಣಿಗಳನ್ನು ಆ ತಂಡದವರು ಅರ್ಜಿಯ ಜೊತೆಗೇ ಲಗತ್ತಿಸಿ, ಪ್ರತಿಯೊಂದರ ಎದುರಿಗೆ ತಾವು ಏನು ಬದಲಾಯಿಸಿದೆವು ಎಂದು ಒಂದೊಂದು ಸಾಲು ಬರೆದಿದ್ದರು. ಸಂಭಾವನೆಯ ಸಾಲನ್ನು ಮಾತ್ರ ಮೂರೂ ಸಲ ಒಂದು ಕಾಸೂ ಇಳಿಸಿರಲಿಲ್ಲ.